ಅ ಆ ಇ ಈ ಮೊದಲೋ, ರ ಗ ಸ ದ ಮೊದಲೋ?

ಡೊಂಬಿವಲಿಯಲ್ಲಿ ನಮ್ಮ ಮಗಳು ಶಾಲೆಯಲ್ಲಿ ಇಂಗ್ಲಿಷ್ ಫೋನಿಕ್ಸ್ (ಅಕ್ಷರಗಳ ಸದ್ದು ಕೂಡಿಸಿ ಓದುವ ವಿಧಾನ) ಕಲಿಯುತ್ತಾಳೆ, ಹೊರಗೆ ಎಲ್ಲ ಬೋರ್ಡೂ ಮರಾಠಿ. ಕನ್ನಡಕ್ಕೆ ಉಳಿಯೋದು ರಾತ್ರಿ ಊಟ ಆದಮೇಲಿನ ಹದಿನೈದು ನಿಮಿಷ, ಅಷ್ಟೇ.

ಅಜ್ಜಿಯ ದಾರಿ ವರ್ಣಮಾಲೆ. ರಾಗವಾಗಿ ಹೇಳಿಸಿದರೆ ಬೇಗ ಬಾಯಿಪಾಠ ಆಗುತ್ತೆ, ಕ ಖ ಗ ಘ ಸಾಲು ಮರಾಠಿಗೂ ಹೊಂದುತ್ತೆ. ಆದರೆ 49 ಅಕ್ಷರ ಮುಗಿಯುವವರೆಗೆ ಓದೋಕೆ ಏನೂ ಸಿಗಲ್ಲ. ಅಪರೂಪಕ್ಕೆ ಕಾಣುವ ಙ, ಞ ತಿದ್ದುತ್ತಾ ಕೂತ ಮಗುವಿಗೆ ಬೇಜಾರಾಗದೆ ಇರುತ್ತಾ?

ಇನ್ನೊಂದು, ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಆಟವಾಡಿಸುತ್ತಾ ಕಲಿಸುವ ನಲಿ-ಕಲಿ ತರಗತಿಗಳ ಕ್ರಮ: ರ, ಗ, ಸ, ದ, ಅ. ಐದೇ ಅಕ್ಷರ, ಆದರೆ ಅಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಇಂಗ್ಲಿಷ್ ಜಾಲಿ ಫೋನಿಕ್ಸ್ ಕೂಡ ಎಸ್, ಎ, ಟಿ ಅಂತ ಶುರುವಾಗೋದು ಇದೇ ಕಾರಣಕ್ಕೆ. ನಮ್ಮವಳು ತಟ್ಟೆಯಲ್ಲಿ ರವೆ ಹರಡಿಕೊಂಡು ಬೆರಳಲ್ಲಿ ಗ-ರ-ಗ-ಸ ಅಂತ ಬರೆದು, ಒಂದೊಂದೇ ಕೂಡಿಸಿ ಓದಿ, "ಗರಗಸ ಅಂದ್ರೆ ಏನಮ್ಮಾ?" ಅಂದಳು. ಮುಂಬೈ ಫ್ಲ್ಯಾಟಲ್ಲಿ ಗರಗಸ ಎಲ್ಲಿಂದ ತರೋದು, ಚಿತ್ರ ಬರೆದು ತೋರಿಸಿದೆ.

ಇದರ ತೊಂದರೆ ಒಂದೇ. ಗುಣಿತಾಕ್ಷರಕ್ಕೆ ಬಂದಾಗ ಸ್ವರಗಳ ಸಾಲು ಬೇಕೇ ಬೇಕು. ಅದರಲ್ಲೂ ಎ-ಏ, ಒ-ಓ ವ್ಯತ್ಯಾಸ ಮರಾಠಿ ಬರವಣಿಗೆಯಲ್ಲಿ ಇಲ್ಲ, ನಮ್ಮ ಮಕ್ಕಳು 'ಕೊಡು' ಇದ್ದದ್ದನ್ನು 'ಕೋಡು' ಅಂತ ಓದಿಬಿಡ್ತಾರೆ.

ಸಮಯ ಕಮ್ಮಿ ಇದ್ದರೆ ರ-ಗ-ಸ-ದ ಹಿಡಿಯಿರಿ. ವರ್ಣಮಾಲೆಯನ್ನು ಲೋಕಲ್ ರೈಲಿನಲ್ಲಿ ಹೋಗುವಾಗ ಸುಮ್ನೆ ಹಾಡಿಸಿ, ಬರೆಸಬೇಡಿ.