ಟೈರ್ ಸೀಳಿಗೆ ಖಾಲಿ ಟೂತ್‌ಪೇಸ್ಟ್ ಟ್ಯೂಬ್: ಒಂದು ತಿಂಗಳು ಬಳಸಿ ನೋಡಿದೆ
ಗಾಜು ತಗುಲಿ ಸೈಕಲ್‌ನ ಹಿಂದಿನ ಟೈರ್ ಹೆಬ್ಬೆರಳ ಉಗುರಿನಷ್ಟು ಸೀಳಿತ್ತು. ಗಾಳಿ ಹೊಡೆದರೆ ಒಳಗಿನ ಟ್ಯೂಬ್ ಗುಳ್ಳೆಯ ಹಾಗೆ ಹೊರಗೆ ಉಬ್ಬುತ್ತಿತ್ತು. ಖಾಲಿಯಾದ ಟೂತ್‌ಪೇಸ್ಟ್ ಟ್ಯೂಬಿನಿಂದ ಒಂದು ತುಂಡು ಕತ್ತರಿಸಿ, ತೊಳೆದು ಒಣಗಿಸಿ, ಚುಚ್ಚಬಾರದು ಅಂತ ಮೂಲೆಗಳನ್ನು ದುಂಡಗೆ ಮಾಡಿ, ಸೀಳಿನ ಒಳಬದಿಗೆ ಇಟ್ಟೆ. ಅಂಟು ಬೇಕಿಲ್ಲ, ಗಾಳಿಯ ಒತ್ತಡವೇ ಅದನ್ನು ಒತ್ತಿ ಹಿಡಿಯುತ್ತದೆ. ತಿಂಗಳಾಯ್ತು, ಒಂಚೂರೂ ಜರುಗಿಲ್ಲ, ನನಗಂತೂ ತುಂಬಾ ಖುಷಿಯಾಗಿದೆ. ಪ್ಲಾಸ್ಟಿಕ್ ಕವರ್ ಮಡಚಿ ಇಟ್ಟಿದ್ದೆ ಮೊದಲು, ಅದು ಹಿಗ್ಗಿ ಎರಡೇ ದಿನಕ್ಕೆ ಹಾಳಾಯಿತು. ಟೈರ್ ಬಿಚ್ಚೋಕೆ ಮಾತ್ರ ಸ್ಟೀಲ್ ಚಮಚ ಬೇಡ, ಅದರ ಅಂಚು ಟ್ಯೂಬನ್ನು ಕಚ್ಚಿ ಸುಮ್ನೆ ಹೊಸ ತೂತು ಮಾಡುತ್ತದೆ. ಸೀಳು ಇದಕ್ಕಿಂತ ಜಾಸ್ತಿ ಇದ್ದರೆ ಟೈರನ್ನೇ ಬದಲಾಯಿಸಿ.