ಪಿಎಚ್‌ಪಿಗೆ ಪೋಸ್ಟ್‌ಗ್ರೆಸ್ ಸೇರಿಸ್ಲಿಕ್ಕೆ ವಿಂಡೋಸಾ, ಉಬುಂಟುವಾ, ಡಾಕರಾ? ಮೂರೂ ಮಾಡಿ ನೋಡಿದೆ

ಪಿಎಚ್‌ಪಿ ಅಂದ್ರೆ ವೆಬ್ ಪ್ರೋಗ್ರಾಂ ಬರೆಯುವ ಭಾಷೆ, ಪೋಸ್ಟ್‌ಗ್ರೆಸ್ ಅಂದ್ರೆ ಡೇಟಾಬೇಸ್, ಉಬುಂಟು ಲಿನಕ್ಸಿನ ಒಂದು ಬಗೆ, ಡಾಕರ್ ಅಂದ್ರೆ ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದನ್ನೆಲ್ಲ ಒಂದೇ ಪೆಟ್ಟಿಗೆಯ ಹಾಗೆ ಕಟ್ಟಿ ಓಡಿಸುವ ವ್ಯವಸ್ಥೆ. ಮೊದಲೇ ಹೇಳಿಬಿಡ್ತೇನೆ, ನನ್ನ ಓಟು ಉಬುಂಟುಗೆ. ಯಾಕೆ ಅಂತ ಹೇಳ್ಬೇಕಾದ್ರೆ ಜೂನ್ ತಿಂಗಳ ಕತೆ ಹೇಳ್ಬೇಕು.

ಮಲ್ಪೆಯಲ್ಲಿ ನಮ್ಮ ಭಾವನದ್ದು ಮೀನಿನ ಕಮಿಷನ್ ಆಫೀಸು ಉಂಟು. ಬೋಟಿನ ಲೆಕ್ಕ ನೋಡುವ ಪ್ರೋಗ್ರಾಂ ನಾನೇ ಪಿಎಚ್‌ಪಿಯಲ್ಲಿ ಬರೆದು ಕೊಟ್ಟದ್ದು, ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಇಟ್ಕೊಂಡು ಚೆನ್ನಾಗೇ ಓಡ್ತಿತ್ತು. ಈ ವರ್ಷ ಐಸ್ ಪ್ಲಾಂಟಿನವರ ಲೆಕ್ಕವೂ ಅದ್ರಲ್ಲೇ ಕಾಣ್ಬೇಕು ಅಂತ ಆಯ್ತು, ಅವರ ಡೇಟಾ ಇರೋದು ಪೋಸ್ಟ್‌ಗ್ರೆಸ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ಕಡಲಿಗೆ ಇಳಿಯೋದಿಲ್ಲ, ಬೋಟು ನಿಲ್ಲುವ ಧಕ್ಕೆ ಖಾಲಿ, ಆಫೀಸಲ್ಲೂ ಜನ ಕಮ್ಮಿ, ಹಾಗಾಗಿ ಇಂಥ ಕೆಲಸ ಮಾಡಿ ಮುಗಿಸ್ಲಿಕ್ಕೆ ಅದೇ ಟೈಮು. ಪಿಎಚ್‌ಪಿಯಲ್ಲಿ ಪೋಸ್ಟ್‌ಗ್ರೆಸ್ ಫಂಕ್ಷನ್‌ಗಳು ಸುಮ್ಮನೆ ಸಿಗೋದಿಲ್ಲ, ಅದರ ಎಕ್ಸ್‌ಟೆನ್ಶನ್ (ಪಿಎಚ್‌ಪಿಗೆ ಸೇರಿಸುವ ಹೆಚ್ಚಿನ ಭಾಗ) ಆನ್ ಮಾಡ್ಬೇಕು, ಕಾನ್ಫಿಗರೇಶನ್ ಫೈಲಲ್ಲಿ ಎರಡು ಸಾಲು ತೆರೆದ್ರೆ ಮುಗೀತು ಅಂತ ನಾನು ಭಾವನ ಹತ್ರ ಹೇಳಿದ್ದೆ.

ಆಫೀಸಿನ ಕಂಪ್ಯೂಟರಲ್ಲಿ ವಿಂಡೋಸ್. ಬ್ರೌಸರಿಗೆ ಪೇಜ್ ಕೊಡುವ ಅಪಾಚಿ ಸರ್ವರ್ ಬೇರೆ, ಪಿಎಚ್‌ಪಿ ಜಿಪ್ ಬೇರೆ ಇಳಿಸಿ ಕೈಯಲ್ಲೇ ಜೋಡಿಸಿದ್ದು. ಸಿ ಡ್ರೈವಿನ ಪಿಎಚ್‌ಪಿ ಫೋಲ್ಡರಲ್ಲಿರುವ ಪಿಎಚ್‌ಪಿ.ಐಎನ್‌ಐ ಅನ್ನುವ ಕಾನ್ಫಿಗರೇಶನ್ ಫೈಲ್ ತೆರೆದೆ, ಪಿಜಿಎಸ್‌ಕ್ಯೂಎಲ್ ಮತ್ತು ಪಿಡಿಒ ಪಿಜಿಎಸ್‌ಕ್ಯೂಎಲ್ ಅಂತ ಇರುವ ಎರಡು ಎಕ್ಸ್‌ಟೆನ್ಶನ್ ಸಾಲಿನ ಮುಂದಿನ ಸೆಮಿಕೋಲನ್ ತೆಗೆದೆ (ಅದಿದ್ರೆ ಆ ಸಾಲು ಲೆಕ್ಕಕ್ಕಿಲ್ಲ; ಪಿಡಿಒ ಅಂದ್ರೆ ಬೇರೆ ಬೇರೆ ಡೇಟಾಬೇಸನ್ನು ಒಂದೇ ರೀತಿ ಮಾತಾಡಿಸುವ ಪಿಎಚ್‌ಪಿಯ ಭಾಗ), ಎಕ್ಸ್‌ಟೆನ್ಶನ್ ಫೋಲ್ಡರಿನ ಪೂರ್ತಿ ಪಾತ್ ಹಾಕಿದ್ದುಂಟಾ ಅಂತ ನೋಡಿದೆ, ಸೇವ್ ಮಾಡಿ ಅಪಾಚಿ ರೀಸ್ಟಾರ್ಟ್ ಮಾಡಿದೆ. ಕಮಾಂಡ್ ಹೊಡೆಯುವ ಕಪ್ಪು ಕಿಟಕಿಯಲ್ಲಿ, ಲೋಡ್ ಆದದ್ದರ ಪಟ್ಟಿ ಕೊಡುವ ಪಿಎಚ್‌ಪಿ ಮೈನಸ್ ಎಮ್ ಹೊಡೆದ್ರೆ ಎರಡೂ ಪಟ್ಟಿಯಲ್ಲಿ ಬಂತು. ಖುಷಿಯಲ್ಲಿ ಬ್ರೌಸರ್ ತೆರೆದ್ರೆ ಅಲ್ಲಿ "ಅನ್‌ಡಿಫೈನ್ಡ್ ಫಂಕ್ಷನ್ ಪಿಜಿ_ಕನೆಕ್ಟ್" ಅಂತ ಎರರ್.

ಇಲ್ಲಿಂದ ಎರಡು ದಿನ ಹೋಯ್ತು ಮಾರಾಯ್ರೆ. ಬೇರೆ ಯಾವುದಾದ್ರೂ ಐಎನ್‌ಐ ಫೈಲ್ ಓದ್ತಾ ಉಂಟಾ ಅಂತ ಪಿಎಚ್‌ಪಿಇನ್ಫೋ ಪೇಜ್ ಮಾಡಿ "ಲೋಡೆಡ್ ಕಾನ್ಫಿಗರೇಶನ್ ಫೈಲ್" ಸಾಲು ನೋಡಿದೆ, ಸರಿಯಾದ ಫೈಲೇ. ಅಪಾಚಿಯ ಒಳಗೆ ಓಡ್ಲಿಕ್ಕೆ ಬೇಕಾದ ಥ್ರೆಡ್ ಸೇಫ್ ಜಿಪ್ಪೇ ಹೌದಾ ನೋಡಿದೆ, ಹೌದು. ಹೊರಗೆ ಒಂದೇ ಸಮ ಮಳೆ, ಗಳಿಗೆಗೊಮ್ಮೆ ಕರೆಂಟು ಹೋಗೋದು, ಯುಪಿಎಸ್ಸು ಕೀಂ ಕೀಂ ಅಂತ ಕೂಗೋದು, ಭಾವ ಬಾಗಿಲಲ್ಲಿ ನಿಂತು "ಎಂತ ಮಾರಾಯ, ಎರಡು ಸಾಲು ಅಂತ ಹೇಳಿದ್ಯಲ್ಲ" ಅಂತ ಕೇಳಿದ್ರು. "ಇನ್ನೊಂದು ಗಂಟೆ ಕೊಡಿ ಭಾವ" ಅಂದೆ.

ಕೊನೆಗೆ ಅಪಾಚಿಯ ಎರರ್ ಲಾಗ್ ತೆರೆದಾಗ ಗೊತ್ತಾಯ್ತು. ಅಲ್ಲಿ ಪಿಜಿಎಸ್‌ಕ್ಯೂಎಲ್ ಲೈಬ್ರರಿ ಲೋಡ್ ಮಾಡ್ಲಿಕ್ಕೆ ಆಗ್ಲಿಲ್ಲ, "ಮಾಡ್ಯೂಲ್ ಸಿಗ್ಲಿಲ್ಲ" ಅಂತ ಬರೆದಿತ್ತು. ಆದ್ರೆ ಆ ಲೈಬ್ರರಿಯ ಡಿಎಲ್‌ಎಲ್ ಫೈಲ್ ನನ್ನ ಕಣ್ಣೆದುರು ಫೋಲ್ಡರಲ್ಲೇ ಉಂಟು! ವಿಷಯ ಏನಂದ್ರೆ, ಸಿಗದೇ ಇದ್ದದ್ದು ಅದಲ್ಲ, ಅದು ತನಗೆ ಬೇಕು ಅಂತ ಕೇಳುವ ಇನ್ನೊಂದು ಫೈಲು, ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಲಿಬ್‌ಪಿಕ್ಯೂ ಡಿಎಲ್‌ಎಲ್. ಅದು ಪಿಎಚ್‌ಪಿ ಫೋಲ್ಡರಲ್ಲಿ ಪಿಎಚ್‌ಪಿ ಡಾಟ್ ಎಕ್ಸಿ ಪಕ್ಕದಲ್ಲೇ ಕೂತಿರ್ತದೆ. ಕಪ್ಪು ಕಿಟಕಿಯಲ್ಲಿ ಓಡಿಸುವಾಗ ಪ್ರೋಗ್ರಾಂ ಇರೋದೇ ಆ ಫೋಲ್ಡರಲ್ಲಿ, ವಿಂಡೋಸ್ ಮೊದಲು ಪ್ರೋಗ್ರಾಂ ಇದ್ದಲ್ಲೇ ಹುಡುಕ್ತದೆ, ಹಾಗಾಗಿ ಸಿಕ್ತದೆ. ಬ್ರೌಸರಿಂದ ಬರುವಾಗ ಓಡ್ತಾ ಇರೋದು ಅಪಾಚಿ, ಅದರ ಎಕ್ಸಿ ಇರೋದು ಅಪಾಚಿಯ ಬಿನ್ ಫೋಲ್ಡರಲ್ಲಿ, ಅಲ್ಲಿ ಹುಡುಕಿದ್ರೆ ಲಿಬ್‌ಪಿಕ್ಯೂ ಎಲ್ಲಿಂದ ಸಿಗ್ಬೇಕು. ಐಎನ್‌ಐ ಫೈಲಲ್ಲಿ ತಪ್ಪೇ ಇರ್ಲಿಲ್ಲ, ನಾನು ಎರಡು ದಿನ ಅದನ್ನೇ ತಿದ್ದುತ್ತಾ ಕೂತಿದ್ದೆ.

ಸರಿ ಮಾಡಿದ್ದು ಹೇಗೆ ಅಂದ್ರೆ, ಅಪಾಚಿಯ ಎಚ್‌ಟಿಟಿಪಿಡಿ ಕಾನ್ಫ್ ಫೈಲಲ್ಲಿ ಪಿಎಚ್‌ಪಿ ಮಾಡ್ಯೂಲ್ ಲೋಡ್ ಆಗುವ ಸಾಲಿನ ಮೇಲೆ ಲೋಡ್‌ಫೈಲ್ ಅಂತ ಬರೆದು ಲಿಬ್‌ಪಿಕ್ಯೂದ ಪೂರ್ತಿ ಪಾತ್ ಕೊಟ್ಟೆ, ಸ್ಲ್ಯಾಶ್ ಮುಂದಕ್ಕೆ ವಾಲಿದ್ದು ಹಾಕಿ. ಪಿಎಚ್‌ಪಿ ಫೋಲ್ಡರನ್ನು ಸಿಸ್ಟಮ್ ಪಾತಿಗೆ, ಅಂದ್ರೆ ವಿಂಡೋಸ್ ಹುಡುಕುವ ಫೋಲ್ಡರುಗಳ ಪಟ್ಟಿಗೆ, ಸೇರಿಸಿದ್ರೂ ಆಗ್ತದೆ. ಆ ಡಿಎಲ್‌ಎಲ್ಲನ್ನು ಬಿನ್ ಫೋಲ್ಡರಿಗೆ ಕಾಪಿ ಮಾಡುವವರೂ ಇದ್ದಾರೆ, ನಾನದನ್ನು ಮಾಡೋದಿಲ್ಲ, ಮುಂದೆ ಪಿಎಚ್‌ಪಿ ಹೊಸದು ಹಾಕಿದಾಗ ಅಲ್ಲಿ ಹಳೇ ಫೈಲ್ ಉಳ್ಕೊಂಡು ಬೇರೆ ಪೇಚಾಟ ಶುರುವಾಗ್ತದೆ.

ಐಎನ್‌ಐ ಫೈಲನ್ನು ನೋಟ್‌ಪ್ಯಾಡಲ್ಲಿ ಸೇವ್ ಮಾಡುವವರು ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಸೇರಿದ್ಯಾ ಅಂತ ಒಮ್ಮೆ ನೋಡ್ಕೊಳ್ಳಿ, ಸೇರಿದ್ರೆ ಪಿಎಚ್‌ಪಿ ಅದನ್ನು ಓದೋದಿಲ್ಲ.

ಇನ್ನು ಉಬುಂಟು. ಮನೆಯಲ್ಲಿ ನನ್ನ ಹಳೇ ಲ್ಯಾಪ್‌ಟಾಪಲ್ಲಿ 22.04 ಉಂಟು, ಅದ್ರಲ್ಲಿ ಬರೋದು ಪಿಎಚ್‌ಪಿ 8.1. ಆಪ್ಟ್ ಇನ್‌ಸ್ಟಾಲ್ ಅಂತ ಹಾಕಿ ಪಿಎಚ್‌ಪಿ8.1-ಪಿಜಿಎಸ್‌ಕ್ಯೂಎಲ್ ಅಂತ ಹೊಡೆದೆ, ಅಪಾಚಿ ಒಮ್ಮೆ ರೀಸ್ಟಾರ್ಟ್, ಬ್ರೌಸರಲ್ಲಿ ಬಂತು. ಐಎನ್‌ಐ ಫೈಲ್ ತೆರೀಲೇ ಇಲ್ಲ. ಲಿಬ್‌ಪಿಕ್ಯೂ ಬೇಕು ಅಂತ ಅದಕ್ಕೇ ಗೊತ್ತು, ತಾನೇ ತರಿಸ್ಕೊಳ್ತದೆ. ಹೇಗೆ ಮಾಡ್ತದೆ ಅಂತ ಕುತೂಹಲಕ್ಕೆ ಸೆಟ್ಟಿಂಗ್ ಇರುವ ಇಟಿಸಿ ಫೋಲ್ಡರ್ ಒಳಗೆ ಹೋಗಿ ನೋಡಿದೆ: ಒಂದೊಂದು ಎಕ್ಸ್‌ಟೆನ್ಶನ್ನಿಗೆ ಒಂದೊಂದು ಪುಟ್ಟ ಐಎನ್‌ಐ ಫೈಲ್, ಒಳಗೆ ಇರೋದು ಒಂದೇ ಕೆಲಸದ ಸಾಲು. ಹೆಸರಿನ ಮುಂದೆ ನಂಬರು, ಪಿಡಿಒಗೆ 10, ಪಿಡಿಒ ಪಿಜಿಎಸ್‌ಕ್ಯೂಎಲ್‌ಗೆ 20, ಯಾಕಂದ್ರೆ ಪಿಡಿಒ ಮೊದಲು ಬರದೆ ಅದರ ಮೇಲೆ ನಿಲ್ಲುವುದು ಬರ್ಲಿಕ್ಕಾಗೋದಿಲ್ಲ. ಎಷ್ಟು ಚಂದ ಮಾಡಿಟ್ಟಿದ್ದಾರೆ ಅಂತ ಅನಿಸ್ತು ನಂಗೆ. ಎಕ್ಸ್‌ಟೆನ್ಶನ್ ಬೇಡ ಅಂದ್ರೆ ಪಿಎಚ್‌ಪಿಡಿಸ್‌ಮಾಡ್, ಬೇಕು ಅಂದ್ರೆ ಪಿಎಚ್‌ಪಿಎನ್‌ಮಾಡ್ ಅಂತ ಕಮಾಂಡ್.

ಇದ್ರಲ್ಲೂ ಎರಡು ವಿಷಯ ನೆನಪಿಡ್ಬೇಕು. ಟರ್ಮಿನಲ್ಲಿಗೆ ಒಂದು ಐಎನ್‌ಐ, ಅಪಾಚಿಗೆ ಇನ್ನೊಂದು ಐಎನ್‌ಐ, ಕೈಯಲ್ಲಿ ತಿದ್ದುವವರು ಒಂದನ್ನು ತಿದ್ದಿ ಇನ್ನೊಂದನ್ನು ಮರೀತಾರೆ. ಮತ್ತೆ ಪಿಎಚ್‌ಪಿ 8.1ರಿಂದ 8.3ಕ್ಕೆ ಹೋದ್ರೆ ಅದರ ನಂಬರಿನ ಪ್ಯಾಕೇಜ್ ಬೇರೆಯೇ ಹಾಕ್ಬೇಕು.

ಡಾಕರ್ ಬಗ್ಗೆ ಹೆಚ್ಚು ಹೇಳ್ಲಿಕ್ಕಿಲ್ಲ. ಡಾಕರ್‌ಫೈಲಲ್ಲಿ ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಮಾಡುವ ಒಂದು ಸಾಲು ಬರೆದೆ, ಲಿಬ್‌ಪಿಕ್ಯೂದ ಹೆಡರ್ ಫೈಲ್ ಇಲ್ಲ ಅಂತ ಅರ್ಧಕ್ಕೆ ನಿಂತಿತು, ಅದರ ಮೊದಲು ಆ ಹೆಡರ್ ಫೈಲ್ ಇರುವ ಲಿಬ್‌ಪಿಕ್ಯೂ-ಡೆವ್ ಪ್ಯಾಕೇಜ್ ಹಾಕಿದ ಮೇಲೆ ಆಯ್ತು. ಒಮ್ಮೆ ಬರೆದಿಟ್ರೆ ಯಾವ ಮಿಷಿನ್ನಲ್ಲೂ ಹಾಗೇ ಬರ್ತದೆ ಅನ್ನೋದು ದೊಡ್ಡ ವಿಷಯವೇ, ನಾಲ್ಕು ಜನ ಸೇರಿ ಕೋಡ್ ಬರೆಯುವಲ್ಲಿ ನಾನೂ ಅದನ್ನೇ ಹೇಳ್ತಿದ್ದೆ. ಆದ್ರೆ ಆಫೀಸಿನ ಕಂಪ್ಯೂಟರಲ್ಲಿ ಇರೋದು 4 ಜಿಬಿ ರ‍್ಯಾಮ್, ಡಾಕರ್ ಶುರು ಮಾಡಿದ್ರೆ ಬಿಲ್ ಪ್ರಿಂಟ್ ಕೊಟ್ಟ ಹುಡುಗ ಪರದೆ ನೋಡ್ತಾ ಕೂತಿರ್ಬೇಕು. ಏಲಂ ನಡೀವಾಗ ಅದೆಲ್ಲ ಆಗೋದಿಲ್ಲ.

ಕೊನೆಗೆ ಉಡುಪಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ 8,500 ರೂಪಾಯಿಗೆ ತಂದು, ಉಬುಂಟು ಹಾಕಿ, ಆಫೀಸಿನ ಮೂಲೆಯಲ್ಲಿ ನೆಲದಿಂದ ಎರಡಡಿ ಮೇಲೆ ಹಲಗೆ ಹೊಡೆಸಿ ಇಟ್ಟದ್ದಾಯ್ತು. ವಿಂಡೋಸ್ ಕಂಪ್ಯೂಟರ್ ಹಾಗೇ ಉಂಟು, ಅದ್ರಲ್ಲಿ ಬ್ರೌಸರ್ ತೆರೆದ್ರೆ ಪ್ರೋಗ್ರಾಂ ಬರ್ತದೆ, ಹುಡುಗರಿಗೆ ಏನೂ ಬದಲಾದ ಹಾಗೆ ಗೊತ್ತೇ ಆಗ್ಲಿಲ್ಲ. ನಾನು ಮಂಗಳೂರಲ್ಲಿ ಇರುವವ, ಏನಾದ್ರೂ ಹಾಳಾದ್ರೆ ಎಸ್‌ಎಸ್‌ಎಚ್‌ನಲ್ಲಿ ಇಲ್ಲಿಂದಲೇ ನೋಡ್ತೇನೆ, ಬಸ್ ಹತ್ತಿ ಹೋಗ್ಬೇಕಾಗಿಲ್ಲ. ನಿಮ್ಮಲ್ಲಿ ಬೇರೆ ಮಿಷಿನ್ ತರ್ಲಿಕ್ಕೆ ದುಡ್ಡಿಲ್ಲ, ವಿಂಡೋಸಲ್ಲೇ ಆಗ್ಬೇಕು ಅಂದ್ರೆ ಖಂಡಿತ ಆಗ್ತದೆ, ಐಎನ್‌ಐಯನ್ನು ಹತ್ತು ಸಲ ತಿದ್ದುವ ಮೊದಲು ಅಪಾಚಿಯ ಎರರ್ ಲಾಗ್ ತೆರೀರಿ. ಆಗಸ್ಟ್ 1ಕ್ಕೆ ಬೋಟು ಇಳಿಯುವ ಹೊತ್ತಿಗೆ ಐಸಿನ ಲೆಕ್ಕ ಬೋಟಿನ ಲೆಕ್ಕದ ಪಕ್ಕದಲ್ಲೇ ಬಂದಿತ್ತು, ಭಾವ ಪ್ರಿಂಟ್ ತೆಗೆದು ಐಸ್ ಪ್ಲಾಂಟಿನವರಿಗೆ ತಾವೇ ಕೊಂಡೋಗಿ ತೋರಿಸಿ ಬಂದ್ರು.