ಬೀಗದ ಗುರುತಿಗೆ ಎಷ್ಟು ಕೊಡಬೇಕು? ನಾನೂ ಅಕ್ಕನೂ ನಾಲ್ಕು ಸರ್ಟಿಫಿಕೇಟ್ ಹಾಕಿಸಿ ನೋಡಿದ ಹೋಲಿಕೆ

ಮಂಡ್ಯದಲ್ಲಿ ಬೆಲ್ಲವನ್ನು ಯಾರೂ ಬರೀ ನೋಡಿ ಕೊಳ್ಳುವುದಿಲ್ಲ. ಅಚ್ಚಿನ ಮೂಲೆ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಉಪ್ಪುಪ್ಪು ಅನಿಸಿದರೆ ಮುಖ ಸಿಂಡರಿಸಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಇಂಥ ಊರಲ್ಲಿ ಕೂತು ನಾನು ಆನ್‌ಲೈನ್‌ನಲ್ಲಿ ಬೆಲ್ಲ ಮಾರಲು ಹೊರಟೆ. ನಮ್ಮಪ್ಪ ಕೇಳಿದ್ದು ಒಂದೇ ಮಾತು: "ಫೋಟೋ ನೋಡ್ಕಂಡು ಯಾರ್ಲಾ ದುಡ್ಡು ಕಳಿಸ್ತಾರೆ?"

ಆ ಮಾತಿಗೆ ಉತ್ತರ ಹುಡುಕುತ್ತಾ ಹೋಗಿ ಸಿಕ್ಕಿಕೊಂಡಿದ್ದು ಸರ್ಟಿಫಿಕೇಟ್ ಮಾರುವವರ ಕೈಗೆ. ಅದನ್ನು ಹಾಕಿಸಿದರೆ ಬ್ರೌಸರ್‌ನಲ್ಲಿ ಸೈಟಿನ ವಿಳಾಸದ ಪಕ್ಕ ಬೀಗದ ಚಿತ್ರ ಬರುತ್ತಿತ್ತು. ವೆಬ್‌ಸೈಟಿಗೆ ಬೀಗದ ಗುರುತು ಹಾಕಿಸಿ, ಗ್ರಾಹಕರಿಗೆ ನಂಬಿಕೆ ಬರುತ್ತೆ ಅಂತ ಎಲ್ಲರೂ ಹೇಳುತ್ತಿದ್ದರು. ಯಾವ ಬೀಗ ಅಂತ ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ರೇಟು. ಅದೇ ಹೊತ್ತಿಗೆ ಮೈಸೂರಿನ ಸರಸ್ವತಿಪುರಂನಲ್ಲಿರುವ ಅಕ್ಕ ತನ್ನ ಗೆಳತಿಯ ಜೊತೆ ಕೈಮಗ್ಗದ ಸೀರೆ ಮಾರುವ ಸೈಟ್ ಶುರು ಮಾಡಿದ್ದಳು. ಹೀಗೆ ನಮ್ಮಿಬ್ಬರ ಅಂಗಡಿ ಸೇರಿ ನಾಲ್ಕು ಬಗೆ ಹಾಕಿಸಿ ನೋಡಿದೆವು. ಸೈಟ್ ಇಡಲು ಜಾಗ ಕೊಡುವ ಹೋಸ್ಟಿಂಗ್ ಕಂಪನಿ ಕೊಟ್ಟ ದುಡ್ಡಿನ ಸರ್ಟಿಫಿಕೇಟ್, ಪುಕ್ಕಟೆಯದು, ಸಂಸ್ಥೆಯ ಹೆಸರು ತಪಾಸಣೆ ಮಾಡಿ ಕೊಡುವ 'ಓವಿ', ಎಲ್ಲಕ್ಕಿಂತ ದುಬಾರಿಯಾದ 'ಈವಿ'.

ಮೊದಲೇ ಒಂದು ಮಾತು. ಸರ್ಟಿಫಿಕೇಟ್ ಮಾಡುವ ಕೆಲಸ ಎರಡೇ. ಗ್ರಾಹಕರ ಫೋನಿಗೂ ನಮ್ಮ ಸೈಟ್ ಇರುವ ಕಂಪ್ಯೂಟರ್‌ಗೂ, ಅಂದರೆ ಸರ್ವರ್‌ಗೂ, ನಡುವೆ ಹೋಗುವ ವಿಷಯವನ್ನು ಮಧ್ಯದಲ್ಲಿ ಯಾರೂ ಓದದಂತೆ, ತಿದ್ದದಂತೆ ಮಾಡುವುದು ಒಂದು. ನೀವು ಟೈಪ್ ಮಾಡಿದ ಹೆಸರಿನ ಸೈಟಿಗೇ ಬಂದಿದ್ದೀರಿ ಅಂತ ಹೇಳುವುದು ಇನ್ನೊಂದು. 2018ರ ಜುಲೈನಲ್ಲಿ ಬಂದ ಕ್ರೋಮ್ 68ರಿಂದ, ಇದಿಲ್ಲದ ಸೈಟುಗಳ ಮೇಲೆ 'ಸುರಕ್ಷಿತವಲ್ಲ' ಅಂತ ಬರೆದುಬಿಡುತ್ತಾರೆ. ಹಾಗಾಗಿ ಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಇರಲಿಲ್ಲ.

ದುಡ್ಡಿನದು, ಪುಕ್ಕಟೆಯದು

ಇವೆರಡೂ 'ಡಿವಿ' ಜಾತಿಯವು. ಡೊಮೇನ್, ಅಂದರೆ ಸೈಟಿನ ಹೆಸರು, ನಿಮ್ಮ ಕೈಯಲ್ಲಿದೆಯಾ ಅಂತಷ್ಟೇ ನೋಡುತ್ತಾರೆ. ಸೈಟಿನಲ್ಲಿ ಅವರು ಹೇಳಿದ ಫೈಲ್ ಇಡಬೇಕು, ಇಲ್ಲಾ ಆ ಹೆಸರು ಯಾವ ಸರ್ವರ್‌ಗೆ ಸೇರಿದ್ದು ಅಂತ ಹೇಳುವ ಡಿಎನ್‌ಎಸ್ ಪಟ್ಟಿಯಲ್ಲಿ ಒಂದು ಸಾಲು ಸೇರಿಸಬೇಕು. ಕಾಫಿ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿಯುತ್ತೆ. ನಾನು ಯಾರು, ಏನು ಮಾರುತ್ತೇನೆ, ಬೆಲ್ಲಕ್ಕೆ ಸಕ್ಕರೆ ಬೆರೆಸುತ್ತೇನಾ ಅಂತ ಯಾರೂ ಕೇಳಲಿಲ್ಲ.

ಹೋಸ್ಟಿಂಗ್ ಕಂಪನಿಯವರು ಮೊದಲ ವರ್ಷ ಸುಮ್ನೆ ಕೊಟ್ಟಿದ್ದರು. ಎರಡನೇ ವರ್ಷ ಎರಡು ಸಾವಿರ ಚಿಲ್ಲರೆ ಬಿಲ್ ಬಂತು. ಫೋನ್ ಮಾಡಿ ಕೇಳಿದರೆ, "ಪೇಯ್ಡ್ ಆದ್ರೆ ಸೆಕ್ಯೂರಿಟಿ ಜಾಸ್ತಿ ಸಾರ್" ಅಂದರು. ಇದು ನಿಜವಲ್ಲ. ಗೂಢಲಿಪಿ ಎಷ್ಟು ಗಟ್ಟಿ ಅನ್ನುವುದು ಸರ್ವರ್ ಮತ್ತು ಬ್ರೌಸರ್ ತಮ್ಮಲ್ಲೇ ಮಾತಾಡಿಕೊಂಡು ತೀರ್ಮಾನಿಸುವ ವಿಷಯ. ಸರ್ಟಿಫಿಕೇಟಿನ ರೇಟಿಗೂ ಅದಕ್ಕೂ ಸಂಬಂಧ ಇಲ್ಲ. ಸಾವಿರಾರು ಡಾಲರ್ 'ವಾರಂಟಿ' ಇದೆ ಅಂತಲೂ ಹೇಳಿದರು. ಷರತ್ತು ಓದಿದೆ. ಸರ್ಟಿಫಿಕೇಟ್ ಕೊಟ್ಟವರೇ ತಪ್ಪು ಮಾಡಿ, ಅದರಿಂದ ಗ್ರಾಹಕರಿಗೆ ನಷ್ಟವಾದರೆ ಮಾತ್ರ ಅದು. ನಮ್ಮ ಸೈಟ್ ಹ್ಯಾಕ್ ಆದರೆ ಅದರಿಂದ ಮೂರು ಕಾಸೂ ಬರುವುದಿಲ್ಲ.

ಬಿಟ್ಟು ಲೆಟ್ಸ್ ಎನ್‌ಕ್ರಿಪ್ಟ್ ಕಡೆ ಹೋದೆ. ಅಮೆರಿಕದ ಒಂದು ಲಾಭರಹಿತ ಸಂಸ್ಥೆ ನಡೆಸುವ ಸೇವೆ ಇದು. 2015ರ ಡಿಸೆಂಬರ್‌ನಿಂದ ಎಲ್ಲರಿಗೂ ಪುಕ್ಕಟೆ. ಅವಧಿ 90 ದಿನ. ಅದು ಮುಗಿಯುವ ಮೊದಲೇ ಸರ್ವರ್‌ನಲ್ಲಿರುವ ಒಂದು ಪ್ರೋಗ್ರಾಂ ತಾನಾಗಿಯೇ ಹೊಸದು ತಂದು ಹಾಕಿಕೊಳ್ಳುತ್ತೆ. ಬದಲಾಯಿಸಿದ ದಿನ ಎರಡು ಫೋನ್ ಪಕ್ಕಪಕ್ಕ ಇಟ್ಟು ನೋಡಿದೆ. ಒಂದರಲ್ಲಿ ಹಳೆಯ ಸೈಟಿನ ಸ್ಕ್ರೀನ್‌ಶಾಟ್, ಇನ್ನೊಂದರಲ್ಲಿ ಹೊಸದು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.

ಹಾಗಂತ ಪುಕ್ಕಟೆಯದಕ್ಕೆ ಸುಮ್ನೆ ಜೈ ಅನ್ನುವುದಿಲ್ಲ. ನನಗೆ ಅದರಿಂದ ಒಂದು ಏಟು ಬಿದ್ದಿದೆ.

ಒಂದು ಅಕ್ಟೋಬರ್‌ನಲ್ಲಿ ಸರ್ವರ್ ಬದಲಾಯಿಸಿದೆ. ಹಳೆಯದರಿಂದ ಸರ್ಟಿಫಿಕೇಟ್ ಎತ್ತಿ ಹೊಸದರಲ್ಲಿ ಇಟ್ಟೆ, ಸೈಟ್ ಓಡಿತು, ಖುಷಿಯಾಗಿದ್ದೆ. ನವೀಕರಣ ಮಾಡುವ ಪ್ರೋಗ್ರಾಂ ಹಳೆಯ ಸರ್ವರ್‌ನಲ್ಲೇ ಉಳಿದಿತ್ತು. ಲೆಕ್ಕ ಹಾಕಿ, ಅಕ್ಟೋಬರ್‌ನಿಂದ 90 ದಿನ ಅಂದರೆ ಜನವರಿ. ಸಂಕ್ರಾಂತಿಗೆ ಒಂದು ವಾರ ಇದೆ. ಎಳ್ಳು ಬೆಲ್ಲಕ್ಕೆ ಅಂತ ಚೂರು ಬೆಲ್ಲ ಕೇಳುವವರು ವರ್ಷದಲ್ಲಿ ಆ ವಾರ ಬಂದಷ್ಟು ಇನ್ನೆಂದೂ ಬರುವುದಿಲ್ಲ. ಬೆಳಿಗ್ಗೆ ಆರ್ಡರ್ ಒಂದೂ ಇಲ್ಲ. ಮಂಜು ಜಾಸ್ತಿ, ಜನ ಇನ್ನೂ ಎದ್ದಿಲ್ಲ ಅಂದುಕೊಂಡೆ! ಹನ್ನೊಂದು ಗಂಟೆಗೆ ಹಳೇ ಗ್ರಾಹಕರೊಬ್ಬರು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರು. ಪರದೆ ತುಂಬ ಎಚ್ಚರಿಕೆ. ನಿಮ್ಮ ಮಾಹಿತಿ ಕದಿಯುತ್ತಿರಬಹುದು ಅನ್ನುವ ಧಾಟಿಯ ಮಾತು. ಕೆಳಗೆ ಅವರ ಪ್ರಶ್ನೆ: "ಅಂಗಡಿ ಮುಚ್ಚಿಬಿಟ್ರಾ?"

ಸರಿ ಮಾಡಲು ಹತ್ತು ನಿಮಿಷ ಸಾಕಾಯಿತು. ಆದರೆ ಹಿಂದಿನ ರಾತ್ರಿಯಿಂದ ಬಂದು ವಾಪಸ್ ಹೋದವರ ಲೆಕ್ಕ ಯಾರ ಹತ್ತಿರ ಇದೆ? ಅವಧಿ ಮುಗಿಯುತ್ತಿದೆ ಅಂತ ಲೆಟ್ಸ್ ಎನ್‌ಕ್ರಿಪ್ಟ್‌ನವರು ಮೇಲ್ ಕಳಿಸಿದ್ದರು. ನಾನು ತೆರೆಯದ ಹಳೆಯ ವಿಳಾಸಕ್ಕೆ ಅದು ಹೋಗಿತ್ತು. 2025ರ ಜೂನ್‌ನಿಂದ ಅಂಥ ಮೇಲ್ ಕಳಿಸುವುದನ್ನೂ ಅವರು ನಿಲ್ಲಿಸಿದ್ದಾರೆ. ಹಾಗಾಗಿ ನೆನಪಿನ ವ್ಯವಸ್ಥೆ ನೀವೇ ಮಾಡಿಕೊಳ್ಳಬೇಕು. ಏನಾದರೂ ಕೆಟ್ಟರೆ ಫೋನ್ ಮಾಡಿ ಬೈಯಲು ಆ ಕಡೆ ಯಾರೂ ಇಲ್ಲ. ದುಡ್ಡು ಕೊಟ್ಟರೆ ಒಬ್ಬ ಮನುಷ್ಯ ಫೋನ್ ಎತ್ತುತ್ತಾನೆ, ಅಷ್ಟರ ಮಟ್ಟಿಗೆ ಅದು ಮೇಲು. ಕಂಪ್ಯೂಟರ್ ಅಂದರೆ ದಿಗಿಲು ಬೀಳುವವರು ಆ ಎರಡು ಸಾವಿರ ಕೊಟ್ಟರೆ ನಾನು ತಪ್ಪು ಅನ್ನಲ್ಲ.

ಓವಿ: ಒಂಬತ್ತು ದಿನ, ಒಂದು ಲ್ಯಾಂಡ್‌ಲೈನ್

ಸಂಕ್ರಾಂತಿ ಪೆಟ್ಟಿನ ನಂತರ, ಗಟ್ಟಿಯಾದದ್ದೇ ಇರಲಿ ಅಂತ ಓವಿ ತಗೊಂಡೆ. ಇದರಲ್ಲಿ ಸಂಸ್ಥೆ ನಿಜವಾಗಿ ಇದೆಯಾ ಅಂತ ನೋಡುತ್ತಾರೆ. ಜಿಎಸ್‌ಟಿ ಪತ್ರ ಕಳಿಸಿದೆ. ಆಮೇಲೆ ಸಾರ್ವಜನಿಕ ದಾಖಲೆಯಲ್ಲಿರುವ ನಂಬರಿಗೇ ಫೋನ್ ಮಾಡಿ ಖಚಿತ ಮಾಡಿಕೊಳ್ಳುತ್ತೇವೆ ಅಂದರು. ದಾಖಲೆಯಲ್ಲಿದ್ದದ್ದು ನಮ್ಮಪ್ಪನ ಕಾಲದ ಲ್ಯಾಂಡ್‌ಲೈನ್. ಅದು ಸತ್ತು ಎಷ್ಟು ವರ್ಷವಾಯಿತೋ. ನಂಬರ್ ತಿದ್ದಿಸಿ, ಕಾದು, ಕೊನೆಗೆ ಕರೆ ಬಂದಾಗ ಒಂಬತ್ತು ದಿನ ಕಳೆದಿತ್ತು.

ಬಂದ ಮೇಲೆ ಏನು? ತಪಾಸಣೆ ಮಾಡಿ ಸರ್ಟಿಫಿಕೇಟಿನಲ್ಲಿ ಹಾಕಿದ ಆ ಹೆಸರು ನೋಡಬೇಕಾದರೆ ಕಂಪ್ಯೂಟರ್‌ನಲ್ಲಿ ಮೂರು ಕಡೆ ಒತ್ತಿ ಒಳಗೆ ಹೋಗಬೇಕು. ಫೋನಿನಲ್ಲಿ ಯಾರು ಅಷ್ಟು ದೂರ ಹೋಗ್ತಾರೆ ಹೇಳಿ. ಹೋದರೂ ಅಲ್ಲಿರುವುದು ಅಂಗಡಿಯ ಹೆಸರಲ್ಲ, ದಾಖಲೆಯಲ್ಲಿರುವ ನನ್ನ ಹೆಸರು. ಗ್ರಾಹಕರಿಗೆ ಅದು ಯಾರೋ ಅಪರಿಚಿತ. ಇದರ ಬಗ್ಗೆ ಇನ್ನು ಹೇಳುವುದೇನೂ ಇಲ್ಲ.

ಈವಿ: ಇಲ್ಲದ ಹಸಿರು ಪಟ್ಟಿ

ಅಕ್ಕನದು ಪ್ರೈವೇಟ್ ಲಿಮಿಟೆಡ್. ಒಂದೊಂದು ಸೀರೆ ನಾಲ್ಕೈದು ಸಾವಿರ. ಬೆಲ್ಲ ಹೋದರೆ ಇನ್ನೂರು ರೂಪಾಯಿ ಹೋಯಿತು, ಸೀರೆ ಹೋದರೆ ಹೊಟ್ಟೆ ಉರಿಯುತ್ತೆ. ಹಾಗಾಗಿ ಅವಳಿಗೆ ದೊಡ್ಡದೇ ಬೇಕಿತ್ತು. 2023ರ ಆರಂಭದಲ್ಲಿ ಮಾರಾಟದವರೊಬ್ಬರು ಲ್ಯಾಪ್‌ಟಾಪ್ ಹಿಡಿದು ಬಂದರು. ವಿಳಾಸದ ಪಕ್ಕ ಹಸಿರು ಬಣ್ಣದಲ್ಲಿ ಕಂಪನಿ ಹೆಸರು ಬರುವ ಚಿತ್ರ ತೋರಿಸಿದರು. ಅಕ್ಕ ಅಲ್ಲೇ ಒಪ್ಪಿಬಿಟ್ಟಳು. ಹನ್ನೆರಡು ಸಾವಿರದ ಹತ್ತಿರ ಆಯಿತು. ಕಂಪನಿ ನೋಂದಣಿ, ವಿಳಾಸ, ಸಹಿ ಮಾಡುವವರ ಅಧಿಕಾರ, ಎಲ್ಲವನ್ನೂ ಜಾಲಾಡಿದರು. ಮದುವೆಗೆ ಹುಡುಗನ ಮನೆಯವರು ವಿಚಾರಿಸಿದ ಹಾಗೆ.

ಹಾಕಿದ ದಿನ ಅಕ್ಕ ಫೋನ್ ಮಾಡಿದಳು. "ಹಸಿರು ಎಲ್ಲೋ? ಹೆಸರು ಎಲ್ಲೋ?"

ಎಲ್ಲಿಂದ ಬರಬೇಕು? ಕ್ರೋಮ್ 77 ಆ ಹೆಸರನ್ನು ವಿಳಾಸದ ಪಟ್ಟಿಯಿಂದ ತೆಗೆದು ಒಳಗೆ ಹಾಕಿದ್ದು 2019ರ ಸೆಪ್ಟೆಂಬರ್‌ನಲ್ಲಿ. ಫೈರ್‌ಫಾಕ್ಸ್ 70 ಅದನ್ನೇ ಮಾಡಿದ್ದು ಮುಂದಿನ ತಿಂಗಳು. ನಮಗೆ ತೋರಿಸಿದ ಚಿತ್ರ ಮೂರು ವರ್ಷಕ್ಕಿಂತ ಹಳೆಯದು. ತೆಗೆದದ್ದಕ್ಕೂ ಕಾರಣ ಇದೆ. ಹೆಸರು ಕಂಡರೂ ಕಾಣದಿದ್ದರೂ ಜನ ನಡೆದುಕೊಳ್ಳುವ ರೀತಿ ಬದಲಾಗುತ್ತಿರಲಿಲ್ಲ. ಹೆಸರು ನೋಡಿದವರೂ ಮೋಸ ಹೋಗಬಹುದಿತ್ತು. 2017ರಲ್ಲಿ ಅಮೆರಿಕದ ಒಬ್ಬ ಭದ್ರತಾ ಸಂಶೋಧಕರು ಕೆಂಟಕಿ ರಾಜ್ಯದಲ್ಲಿ 'ಸ್ಟ್ರೈಪ್' ಅಂತ ಕಂಪನಿ ನೋಂದಾಯಿಸಿ ಆ ಹೆಸರಲ್ಲೇ ಈವಿ ಪಡೆದು ತೋರಿಸಿದರು. ಹಣ ಪಾವತಿಯ ಪ್ರಸಿದ್ಧ ಸ್ಟ್ರೈಪ್ ಬೇರೆ, ಇದು ಬೇರೆ. ಬ್ರೌಸರ್‌ನಲ್ಲಿ ಕಾಣುವ ಹೆಸರು ಮಾತ್ರ ಒಂದೇ. ಅವರು ಮಾಡಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಇನ್ನೂ ಒಂದು ತಮಾಷೆ. ಅದೇ 2023ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ 117 ಬೀಗದ ಚಿತ್ರವನ್ನೇ ಎತ್ತಿಬಿಟ್ಟಿತು. ಆ ಜಾಗಕ್ಕೆ ಸೆಟ್ಟಿಂಗ್ಸ್‌ನಂಥ ಗುರುತು ಬಂತು. ಗೂಗಲ್ 2021ರಲ್ಲಿ ಮಾಡಿದ ಒಂದು ಅಧ್ಯಯನದಲ್ಲಿ ಬೀಗದ ಅರ್ಥ ಸರಿಯಾಗಿ ಗೊತ್ತಿದ್ದವರು ಶೇ. 11 ಜನ ಮಾತ್ರ. ಉಳಿದವರಲ್ಲಿ ಬೀಗ ಇದ್ದರೆ ಅಂಗಡಿಯವನೂ ಒಳ್ಳೆಯವನು ಅಂದುಕೊಂಡವರು ಬಹಳ. ಅಳತೆ ತೂಕದ ಇಲಾಖೆಯವರು ನನ್ನ ತಕ್ಕಡಿಗೆ ಮುದ್ರೆ ಹಾಕುತ್ತಾರೆ. ತಕ್ಕಡಿ ಸರಿ ಇದೆ ಅಂತ ಅದರರ್ಥ. ಬೆಲ್ಲದ ರುಚಿಗೆ ಅವರು ಜವಾಬ್ದಾರರಲ್ಲ, ಅಲ್ವಾ?

ಇದು ಅಕ್ಕನಿಗೆ ಅರ್ಥವಾದದ್ದು ಬೇರೆ ದಾರಿಯಿಂದ. ಯಾರೋ ಅವಳ ಸೀರೆಗಳ ಫೋಟೋ ಕದ್ದು, ಅರ್ಧ ಬೆಲೆ ಹಾಕಿ, ಬೇರೆ ಹೆಸರಲ್ಲಿ ಸೈಟ್ ಮಾಡಿದರು. ದುಡ್ಡು ಕಳಕೊಂಡವರೊಬ್ಬರು ಫೋಟೋ ಹುಡುಕಿಕೊಂಡು ಅಕ್ಕನಿಗೇ ಫೋನ್ ಮಾಡಿ ಬೈದರು. ಆ ಕಳ್ಳ ಸೈಟ್ ತೆರೆದು ನೋಡಿದೆ. ನನ್ನ ಸೈಟಿನಲ್ಲಿ ಹಿಂದೆ ಇದ್ದ ಅದೇ ಪುಕ್ಕಟೆ ಸರ್ಟಿಫಿಕೇಟ್. ಅದು ಹೇಳುತ್ತಿದ್ದದ್ದೂ ಸತ್ಯವೇ: ಈ ಕಳ್ಳನ ಜೊತೆ ನೀವು ಆಡುವ ಮಾತು ಮೂರನೆಯವರಿಗೆ ಕೇಳಿಸುವುದಿಲ್ಲ. ಆ ಗ್ರಾಹಕರಿಗೆ 1930ಕ್ಕೆ, ಅಂದರೆ ಸೈಬರ್ ಮೋಸದ ಸಹಾಯವಾಣಿಗೆ, ದೂರು ಕೊಡಲು ಹೇಳಿದೆವು. ಅಕ್ಕನ ಹನ್ನೆರಡು ಸಾವಿರದ ಈವಿ ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ.

ಸರ್ಟಿಫಿಕೇಟಿನ ಜೊತೆ ಬರುವ ಮುದ್ರೆಯ ಚಿತ್ರ ಒಂದಿದೆ, 'ಸುರಕ್ಷಿತ ಸೈಟ್' ಅಂತ. ಅದನ್ನು ಒಂದು ತಿಂಗಳು ಹಾಕಿ, ಒಂದು ತಿಂಗಳು ತೆಗೆದು ನೋಡಿದೆ. ನನ್ನ ಆರ್ಡರ್ ಪುಸ್ತಕದಲ್ಲಿ ಅದರ ಗುರುತೇ ಇಲ್ಲ. ಕಳ್ಳ ಸೈಟಿನಲ್ಲೂ ಅಂಥದ್ದೇ ಎರಡು ಇದ್ದವು. ಚಿತ್ರ ತಾನೇ, ಎಲ್ಲಿಂದ ಬೇಕಾದರೂ ಎತ್ತಿ ಅಂಟಿಸಬಹುದು.

ಫೋನ್ ಪಕ್ಕದ ನೋಟ್‌ಬುಕ್

ಹಾಗಾದರೆ ಜನ ಏನು ನೋಡಿ ನಂಬುತ್ತಾರೆ? ಫೋನ್ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಆರ್ಡರ್‌ಗೆ ಮೊದಲು ಕರೆ ಮಾಡಿದವರು ಕೇಳಿದ್ದನ್ನೆಲ್ಲ ಬರೆಯುತ್ತಾ ಬಂದೆ. ನಿಮ್ಮ ಆಲೆಮನೆ ಎಲ್ಲಿದೆ? ಬಂದು ನೋಡಬಹುದಾ? ಒಡೆದು ಬಂದರೆ ವಾಪಸ್ ತಗೋತೀರಾ? ಮನೆಗೆ ಬಂದ ಮೇಲೆ ದುಡ್ಡು ಕೊಡಬಹುದಾ? ಸರ್ಟಿಫಿಕೇಟ್ ಬಗ್ಗೆ ಕೇಳಿದವರು ಒಬ್ಬರೇ, ಬೆಂಗಳೂರಿನ ಸಾಫ್ಟ್‌ವೇರ್‌ನವರು. ಅವರೂ ಕೊನೆಗೆ ಬೆಲ್ಲ ತಗೊಳ್ಳಲಿಲ್ಲ. ಕುವೆಂಪುನಗರದ ಒಬ್ಬ ಅಜ್ಜಿ ಮಾತ್ರ ಮೊದಲ ರಿಂಗಿಗೇ ಫೋನ್ ಎತ್ತಿದ್ದಕ್ಕೆ ಐದು ಕೆಜಿ ಹೇಳಿಬಿಟ್ಟರು. "ಎತ್ತಿದ್ರಲ್ಲಪ್ಪ, ಸಾಕು."

ನೋಟ್‌ಬುಕ್‌ನಲ್ಲಿ ಮತ್ತೆ ಮತ್ತೆ ಬಂದ ಇನ್ನೊಂದು ವಿಷಯ ನನ್ನ ಕಣ್ಣು ತೆರೆಸಿತು. ಯುಪಿಐನಲ್ಲಿ ದುಡ್ಡು ಕಳಿಸುವ ಮೊದಲು ಪಡೆಯುವವರ ಹೆಸರು ಕಾಣುತ್ತದಲ್ಲ, ಅಲ್ಲಿ ಜನ ನಿಲ್ಲುತ್ತಿದ್ದರು. ಸೈಟಿನಲ್ಲಿ ಅಂಗಡಿ ಹೆಸರು, ಯುಪಿಐನಲ್ಲಿ ನನ್ನ ಹೆಸರು. "ಇದು ಯಾರದ್ದು ಅಕೌಂಟು?" ಅಂತ ಕೇಳಿದವರು ಎಷ್ಟೋ. ಈವಿ ತೋರಿಸಬೇಕಿದ್ದ ಹೆಸರನ್ನು ಯುಪಿಐ ತೋರಿಸುತ್ತಿದೆ. ಅದೂ ಪಿನ್ ಒತ್ತುವ ಬೆರಳು ತಡೆಯುವ ಜಾಗದಲ್ಲೇ. ಅಂಗಡಿ ಹೆಸರಲ್ಲೇ ಕರೆಂಟ್ ಅಕೌಂಟ್ ತೆರೆದೆ. ಆ ಪ್ರಶ್ನೆ ನಿಂತಿತು.

ಸೈಟಿನ ಕೆಳಗೆ ಪೂರ್ತಿ ವಿಳಾಸ, ಫೋನ್, ದೂರು ಕೇಳುವವರ ಹೆಸರು ಹಾಕಿದೆ. 2020ರ ಇ-ಕಾಮರ್ಸ್ ನಿಯಮಗಳಲ್ಲೂ ಇದನ್ನೆಲ್ಲ ಕಾಣುವಂತೆ ಹಾಕಬೇಕು ಅಂತಿದೆ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರನ್ನೂ ದೊಡ್ಡದಾಗಿ ಹಾಕಿದೆ. ಅದನ್ನು ಅವರದೇ ತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು.

ಓವಿ ಮುಗಿದ ಮೇಲೆ ನಾನು ಪುಕ್ಕಟೆಯದಕ್ಕೇ ವಾಪಸ್ ಬಂದೆ. ಮುಂದೆ ಕೈಯಲ್ಲಿ ಹಾಕುವ ಕಾಲವೂ ಹೋಗುತ್ತೆ. 2025ರ ಏಪ್ರಿಲ್‌ನಲ್ಲಿ ಸರ್ಟಿಫಿಕೇಟ್ ಕೊಡುವವರೂ ಬ್ರೌಸರ್‌ನವರೂ ಸೇರಿ ಒಂದು ತೀರ್ಮಾನ ಮಾಡಿದ್ದಾರೆ. ಅಲ್ಲಿವರೆಗೆ 398 ದಿನ ಇದ್ದ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್‌ನಿಂದ 100 ದಿನ, 2029ರ ಮಾರ್ಚ್‌ನಿಂದ 47 ದಿನ. ದುಬಾರಿಯದಕ್ಕೂ ಇದೇ ಲೆಕ್ಕ. ಸಂಕ್ರಾಂತಿಯ ನನ್ನ ತಪ್ಪನ್ನು ವರ್ಷಕ್ಕೆ ಎಂಟು ಸಲ ಮಾಡುವ ಅವಕಾಶ ಇರುತ್ತೆ ಅನ್ನಿ. ಪ್ರತಿ ತಿಂಗಳು ಒಂದನೇ ತಾರೀಕು ಅವಧಿ ನೋಡು ಅಂತ ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ. ಡೊಮೇನಿನ 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ' ಇರುವ ರೂಪ, ಇಲ್ಲದ ರೂಪ ಎರಡನ್ನೂ ತೆರೆದು ನೋಡುತ್ತೇನೆ. ಒಂದನ್ನು ಸೇರಿಸಲು ಮರೆತರೂ ಅದೇ ಎಚ್ಚರಿಕೆ ಬರುತ್ತೆ.

ಈವಿ ನವೀಕರಣಕ್ಕೆ ಮಾರಾಟದವರು ಅಕ್ಕನಿಗೆ ಮತ್ತೆ ಫೋನ್ ಮಾಡಿದ್ದರು. ಈ ಸಲ ಹತ್ತು ಪರ್ಸೆಂಟ್ ರಿಯಾಯಿತಿ ಅಂತ. "ಹಸಿರು ಬಣ್ಣದ್ದು ಒಂದು ಸೀರೆ ಇದೆ, ಹತ್ತು ಪರ್ಸೆಂಟ್ ಕಮ್ಮಿ ಮಾಡ್ಕೊಡ್ತೀನಿ, ತಗೋತೀರಾ?" ಅಂದಳಂತೆ.